ಗೋಡೆಯ ಮೇಲಿನ ಫಾರ್ಮಸಿಸ್ಟ್

ಬೈಲಹೊಂಗಲದಲ್ಲಿ ನಾವು ಗುಳಿಗೆ ಕೊಳ್ಳುವ ಔಷಧಿ ಅಂಗಡಿಯ ಗೋಡೆಗೆ ಒಂದು ಪ್ರಮಾಣಪತ್ರ ತೂಗುಹಾಕಿದ್ದಾರೆ. ಗಾಜಿನ ಚೌಕಟ್ಟು, ಮೂಲೆಯಲ್ಲಿ ಒಬ್ಬ ಹೆಣ್ಣುಮಗಳ ಫೋಟೋ. ಫಾರ್ಮಸಿ ಓದಿದ ಆಕೆ ಅಲ್ಲಿ ಕೂತು ಔಷಧಿ ಕೊಡುತ್ತಾಳೆ ಎಂದು ಅದರ ಅರ್ಥ. ಪ್ರಮಾಣಪತ್ರ ಇರುತ್ತದೆ, ಆಕೆ ಇರುವುದಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ಚಟವನ್ನು ವಿಶ್ವವಿದ್ಯಾಲಯದಿಂದ ಹೊತ್ತು ತಂದವನು ನಾನು. ಆದರೂ ಇಷ್ಟು ವರ್ಷ ಆ ಫೋಟೋದ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ನೋಡುವಂತಾದದ್ದು ಅವ್ವ ಕೇದಾರಕ್ಕೆ ಹೊರಟಾಗ. ಸವದತ್ತಿ, ರಾಮದುರ್ಗ, ಕಿತ್ತೂರಿನ ಕಡೆಯವರೆಲ್ಲ ಸೇರಿ ಮಾಡಿದ ಬಸ್ಸು. ಹತ್ತುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಯಾತ್ರೆ ನಡೆಸುವವನು ಎಲ್ಲರಿಗೂ ಆ ಅಂಗಡಿಯಲ್ಲೇ ‘ಯಾತ್ರಾ ಪಾಕೀಟು’ ತೆಗೆದುಕೊಳ್ಳಲು ಹೇಳಿದ್ದ. ಬಿಪಿ ಇದ್ದವರಿಗೂ, ದಮ್ಮು ಇದ್ದವರಿಗೂ, ಏನೂ ಇಲ್ಲದವರಿಗೂ ಒಂದೇ ಪಾಕೀಟು. ಗುಳಿಗೆಯ ಪಟ್ಟಿಗಳನ್ನು ಎರಡೆರಡಾಗಿ ಕತ್ತರಿಸಿದ್ದರಿಂದ ಅವುಗಳ ಮೇಲೆ ಹೆಸರೂ ಉಳಿದಿರಲಿಲ್ಲ, ಅವಧಿ ಮುಗಿಯುವ ತಿಂಗಳೂ ಉಳಿದಿರಲಿಲ್ಲ. ಹೊಟ್ಟಿ, ಜ್ವರ, ವಾಂತಿ, ಮೊಣಕಾಲ ಎಂದು ಪೆನ್ನಿನಲ್ಲಿ ಬರೆದ ಚೀಟಿಗಳಷ್ಟೇ.

ಅವ್ವ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಅದು ಕೆಡದಿರಲೆಂದು ನಾನೊಂದು ಥರ್ಮಾಸ್ ಕೊಂಡಿದ್ದೆ. ಅದನ್ನು ಕೈಯಲ್ಲೇ ಹಿಡಿದು ಅವ್ವನೊಂದಿಗೆ ಅಂಗಡಿಗೆ ಹೋದೆ. ಅಂದು ಅಲ್ಲಿ ಹೊಸಬಳೊಬ್ಬಳು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಅವ್ವನ ಪಾಕೀಟು ತೆಗೆದುಕೊಂಡು ಕೌಂಟರಿನ ಮೇಲೆ ಸುರಿದಳು. ಹೆಸರಿಲ್ಲದ ತುಂಡುಗಳನ್ನು ಕಪಾಟಿನಲ್ಲಿದ್ದ ಇಡೀ ಪಟ್ಟಿಗಳಿಗೆ ಹಿಡಿದು ನೋಡಿದಳು.

“ಅಮ್ಮಾರ, ಶುಗರ್ ಐತೇನ್ರಿ?”

“ಐತಿ ಯವ್ವಾ. ಎರಡೂ ಹೊತ್ತ ಸೂಜಿ ಚುಚ್ಚಕೋತೇನಿ.”

“ಹಂಗಿದ್ರ ಈ ಮೊಣಕಾಲಿನ ಗುಳಗಿ ಬ್ಯಾಡ್ರಿ. ಸ್ಟಿರಾಯ್ಡ್ ಇದು. ಶುಗರ್ ಏರಸತೈತಿ. ಅಷ್ಟ ಎತ್ತರಕ್ಕ ಹೊಂಟೀರಿ, ಡಾಕ್ಟರಿಗೆ ತೋರಿಸೀರೇನು?”

ಅಂಗಡಿಯವನ ಮುಖ ಗಂಟಾಯಿತು. “ಮೇಡಂ, ಇನ್‌ಸ್ಪೆಕ್ಟರ್ ಬರತಾರಂತ ನಿಮ್ಮನ್ನ ಕರಿಸೇನಿ. ಪಾಠ ಹೇಳಾಕಲ್ಲ. ಸುಮ್ನ ಕುಂದರ್ರಿ.”

ಆಗ ನಾನು ಗೋಡೆ ನೋಡಿದೆ. ಫೋಟೋದಲ್ಲಿದ್ದವಳು ಇವಳೇ.

ಆಕೆ ಸುಮ್ಮನಾಗಲಿಲ್ಲ. ಇನ್ಸುಲಿನ್ ಹೇಗೆ ಒಯ್ಯುತ್ತೀರಿ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಥರ್ಮಾಸ್ ತೋರಿಸಿ, ಇದರ ತುಂಬ ಬರ್ಫದ ಗಡ್ಡೆ ಹಾಕುತ್ತೇವೆ ಎಂದೆ.

“ಬರ್ಫಕ್ಕ ತಾಗಿ ಹೆಪ್ಪುಗಟ್ಟಿತಂದ್ರ ಮುಗೀತ್ರಿ ಸರ್. ಕರಗಿದ ಮ್ಯಾಲೂ ಅದನ್ನ ನಂಬಾಕ ಬರೂದಿಲ್ಲ. ನೋಡಾಕ ಮೊದಲಿನಂಗ ಕಾಣಬಹುದು. ಇವರು ಚುಚ್ಚಕೋತ ಹೋಗತಾರ, ಶುಗರ್ ಏರಕೋತ ಹೋಗತೈತಿ. ಬಿಸಲಾಗ ಹಸಿ ಅರಿವಿ ಸುತ್ತರಿ. ಗುಡ್ಡದ ಮ್ಯಾಲ ಥಂಡಿ ಇರತೈತಿ, ಅಲ್ಲಿ ಮೈಗೆ ತಾಗಿಸಿ ಇಟಗೋಬೇಕು. ಬಸ್ಸಿನ ಡಿಕ್ಕಿಯೊಳಗ ಒಗಿಬ್ಯಾಡ್ರಿ.”

“ಮೈಗೆ ತಾಗಿಸಿ ಅಂದ್ರ ಎಲ್ಲಿ ಇಟಗೋಲಿ?” ಎಂದಳು ಅವ್ವ.

ಆಕೆಯ ಕಣ್ಣು ಅವ್ವನ ಸೊಂಟದ ಮೇಲೆ ಬಿತ್ತು. ಎಲೆ ಅಡಿಕೆಯ ಬಟ್ಟೆ ಸಂಚಿ ಅಲ್ಲಿ ಯಾವಾಗಲೂ ಸಿಕ್ಕಿಸಿಕೊಂಡಿರುತ್ತದೆ. “ಇದರಾಗ ಇಡ್ರಿ. ಎಲಿ ಅಡಕಿ, ಸುಣ್ಣದ ಡಬ್ಬಿ ಮಗನ ಕಡೆ ಕೊಟ್ಟು ಹೋಗ್ರಿ.”

“ಕೊಡತೇನಿ. ಇಷ್ಟ ಓದಿ ಬರ್ಫ ತುಂಬಾಕ ಹೊಂಟಾನ. ಸುಣ್ಣದ ಡಬ್ಬಿನರ ಕಾಯಲಿ.”

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ‘ಬಸ್ಸಿನವರೆಲ್ಲರ ಪಾಕೀಟೂ ಈಕೆಯೇ ನೋಡಲಿ’ ಎಂದು ನಾನು ಅಂಗಡಿಯವನಿಗೆ ಗಟ್ಟಿಯಾಗಿ ಹೇಳಿದೆ. ಗೆಳೆಯರ ಮುಂದೆ ಎಷ್ಟೋ ಸಲ ಹೀಗೆಯೇ ವರ್ಣಿಸಿದ್ದೇನೆ. ಅವ್ವ ಒಪ್ಪುವುದಿಲ್ಲ. “ನೀ ಎಲ್ಲಿ ಅಂದಿ? ಥರ್ಮಾಸಿನ ಮುಚ್ಚಳಾ ತಿರುವಕೋತ ನಿಂತಿದ್ದಿ,” ಎನ್ನುತ್ತಾಳೆ. ಮುಚ್ಚಳದ ಸುರುಳಿಗೆರೆ ಬೆರಳಿಗೆ ಇನ್ನೂ ನೆನಪಿದೆ. ಆಡಿದೆ ಎನ್ನುವ ಮಾತಿನ ದನಿ ನೆನಪಿಲ್ಲ. ಅವ್ವನದೇ ನಿಜವಿರಬೇಕು.

ಅವ್ವ ಡಾಕ್ಟರಿಗೆ ತೋರಿಸಿಕೊಂಡು, ಸಂಚಿಯಲ್ಲಿ ಇನ್ಸುಲಿನ್ ಇಟ್ಟುಕೊಂಡು ಹೋಗಿ, ಹೋದ ಹಾಗೆಯೇ ತಿರುಗಿ ಬಂದಳು. ಅದೇ ಬಸ್ಸಿನಲ್ಲಿದ್ದ ಮುರಗೋಡದ ಹಿರಿಯರೊಬ್ಬರಿಗೂ ಶುಗರ್ ಇತ್ತು. ಅವರು ಮೊಣಕಾಲಿನ ಗುಳಿಗೆಯನ್ನು ದಿನಾ ನುಂಗುತ್ತ ಹೋಗಿ, ಗುಡ್ಡ ಹತ್ತುವ ಮೊದಲೇ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದರು. ಬದುಕಿ ಬಂದರು. ಅವರ ಪಾಕೀಟನ್ನು ಯಾರೂ ಸುರಿದು ನೋಡಿರಲಿಲ್ಲ.

ಚಾಲಕ ಮನೆಯಲ್ಲಿ ಮಲಗಿ, ಅವನ ಲೈಸೆನ್ಸನ್ನು ಸ್ಟೇರಿಂಗಿಗೆ ಕಟ್ಟಿ ಬಸ್ಸು ಬಿಟ್ಟರೆ ನಾವು ಹತ್ತುತ್ತೇವೆಯೇ? ಔಷಧಿ ಅಂಗಡಿಯಲ್ಲಿ ಮಾತ್ರ ಅಂಥ ಬಸ್ಸನ್ನು ದಿನಾ ಹತ್ತುತ್ತೇವೆ. ಅಂಗಡಿಯವನಿಗೆ ನಾಚಿಕೆಯಿಲ್ಲ. ಬರುವ ದಿನವನ್ನು ಮೊದಲೇ ತಿಳಿಸಿ ಬರುವ ಇನ್‌ಸ್ಪೆಕ್ಟರಿಗಂತೂ ಇಲ್ಲವೇ ಇಲ್ಲ. ಆಕೆಯ ಮೇಲೂ ನನಗೆ ಸಿಟ್ಟಿದೆ. ಅಷ್ಟು ತಿಳಿದವಳು ತನ್ನ ಹೆಸರನ್ನಷ್ಟೇ ಅಲ್ಲಿ ಬಿಟ್ಟು ಹೋಗಬಹುದೇ?

ಅವ್ವ ಆಕೆಗೆಂದು ಪ್ರಸಾದ ಕಟ್ಟಿಕೊಂಡು ಅಂಗಡಿಗೆ ಹೊರಟಳು, ನಾನೂ ಹೋದೆ. ಸ್ಟೂಲು ಖಾಲಿಯಿತ್ತು.

“ಅವರು ಕಿತ್ತೂರಾಗ ಸಾಲಿ ಕಲಸತಾರ. ಇಲ್ಲಿಗೆ ಯಾಕ ಬರತಾರ?” ಎಂದ ಅಂಗಡಿಯವನು.

ಮುಂದಿನ ಯಾತ್ರೆಯ ಪಾಕೀಟುಗಳು ಕೌಂಟರಿನ ಮೇಲೆ ಸಾಲಾಗಿದ್ದವು. ಮುನವಳ್ಳಿಯಿಂದ ಬಂದಿದ್ದ ರೈತನೊಬ್ಬ ಯಾತ್ರೆಗೆ ಹೊರಟ ಹೆಂಡತಿಗೆ ಒಂದು ಪಾಕೀಟನ್ನೂ ಇನ್ಸುಲಿನ್ನನ್ನೂ ಕೊಳ್ಳುತ್ತಿದ್ದ. ಅಂಗಡಿಯವನು ಅವನಿಗೆ, “ಬರ್ಫದಾಗ ಹುಗದ ಒಯ್ರಿ, ಏನೂ ಆಗೂದಿಲ್ಲ,” ಎಂದ.

“ಬರ್ಫ ಬ್ಯಾಡಪಾ,” ಎಂದಳು ಅವ್ವ. “ಕೆಡತೈತಿ. ಆ ಪಾಕೀಟಿನಾಗಿಂದ ಮೊಣಕಾಲಿನ ಗುಳಗೀನೂ ತಗಸು.”

“ನೀವೇನ ಡಾಕ್ಟರೇನವ್ವಾ?” ಅಂಗಡಿಯವನು ನಕ್ಕ.

“ನಾ ಹೇಳಿದ್ದಲ್ಲಪಾ.” ಅವ್ವ ಗೋಡೆಯ ಕಡೆ ಕೈ ಮಾಡಿದಳು. “ಅಕಾ ಅಲ್ಲಿ ಅದಾಳಲ್ಲ, ಆಕಿ ಹೇಳ್ಯಾಳ. ಆಕಿ ಅಂಗಡಿ ಅಲ್ಲೇನು ಇದು?”

ರೈತ ತಲೆಯೆತ್ತಿ ಫೋಟೋ ನೋಡಿದ, ಆಮೇಲೆ ಅಂಗಡಿಯವನನ್ನು ನೋಡಿದ. ಅಂಗಡಿಯವನು ಪಾಕೀಟು ಬಿಚ್ಚಿ ಗುಳಿಗೆ ಹೊರಗೆ ತೆಗೆದ. ಈ ಸಲವೂ ಮಾತಾಡಿದ್ದು ನಾನಲ್ಲ. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ.