ಹಲ್ಲಿನ ಲ್ಯಾಬಿಗೆ ಬಂದ ಕೌದಿ

ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಎರಡು ತುಂಡಾಗಿದ್ದ ಹಲ್ಲಿನ ಸೆಟ್ಟನ್ನು ನನ್ನ ಅಂಗೈಯಲ್ಲಿಟ್ಟಳು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದ ದಂತ ಕಾಲೇಜಿನಲ್ಲಿ ಸ್ನಾತಕೋತ್ತರ ಓದಿಗೆ ಸೇರಿ ನನಗೆ ಕೆಲವೇ ತಿಂಗಳಾಗಿದ್ದವು.

“ಇದು ಮೂರನೇ ಸಲರಿ,” ಅಂದಳು. “ರೊಟ್ಟಿ ಬಿಡು, ಅನ್ನಾ ಉಣ್ಣು ಅಂತ ಹೇಳಬ್ಯಾಡ್ರಿ ಮತ್ತ. ಬರೇ ಅನ್ನಾ ಉಂಡು ಹೊಲದಾಗ ದುಡಿಯಾಕ ಆಕ್ಕೈತೇನು?”

ಹೊಸ ಸೆಟ್ಟು ಮಾಡಿಕೊಟ್ಟೆವು. ಅವಳು ಬಾಯಿತುಂಬ ಹರಸಿ ಹೋದಳು. ಆದರೆ ಮೂರು ಸಲ ಯಾಕೆ ಮುರಿಯಿತು ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದ ದಿನಗಳವು. ನನ್ನ ಗೈಡ್ ಹತ್ತಿರ ಹೋಗಿ ಇದನ್ನೇ ಮಾಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು, “ಭಾಳ ಮುರೀಬೇಕಾಕ್ಕೈತಿ ನೋಡವಾ, ತಯಾರಿದ್ದೀಯೇನು?” ಎಂದು ನಕ್ಕರು.

ಮುರಿಯುವುದಕ್ಕಿಂತ ಮೊದಲು ಮಾಡುವುದನ್ನು ಕಲಿಯಬೇಕಿತ್ತು. ಕಲಿಸಿದವರು ನಮ್ಮ ಲ್ಯಾಬಿನ ತಂತ್ರಜ್ಞರು, ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದವರು. ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಧಾರವಾಡಕ್ಕೆ ಇನ್ನೊಂದು ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬಂದು ಲ್ಯಾಬಿನ ಬಾಗಿಲು ತೆಗೆಯುತ್ತಿದ್ದರು. ಹಲ್ಲಿನ ಸೆಟ್ಟು ಮಾಡುವುದರಲ್ಲಿ ಅವರಿಗೆ ಇಪ್ಪತ್ತು ವರ್ಷದ ಅನುಭವ. ಗುಲಾಬಿ ಬಣ್ಣದ ಪುಡಿಗೆ ಮೂಗಿಗೆ ಅಡರುವ ವಾಸನೆಯ ದ್ರವ ಸುರಿದು ಕಲಸಿದರೆ ಅದು ಮೊದಲು ಒದ್ದೆ ಮರಳಿನ ಹಾಗಿರುತ್ತದೆ, ಆಮೇಲೆ ಎಳೆ ಎಳೆಯಾಗುತ್ತದೆ, ಕೊನೆಗೆ ಹಿಟ್ಟಾಗುತ್ತದೆ. ಆ ಹಿಟ್ಟನ್ನು ಹಿತ್ತಾಳೆ ಡಬ್ಬಿಯೊಳಗಿನ ಪ್ಲಾಸ್ಟರ್ ಅಚ್ಚಿನಲ್ಲಿ ಒತ್ತಿ, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ. ಪುಸ್ತಕದಲ್ಲಿ ಇದಕ್ಕೆಲ್ಲ ನಿಮಿಷಗಳ ಲೆಕ್ಕವಿತ್ತು. ಕಾಕಾ ಗಡಿಯಾರ ನೋಡುತ್ತಿರಲಿಲ್ಲ.

“ಬಟ್ಟಿಗೆ ಹತ್ತೂದು ಬಿಟ್ಟಿತೇನು? ಬಿಟ್ರ ಒತ್ತಬೇಕು,” ಎಂದು ಬೆರಳಿನಿಂದ ಹಿಟ್ಟು ಮುಟ್ಟಿ ತೋರಿಸುತ್ತಿದ್ದರು. “ಚಳಿಗಾಲದಾಗ ತಡಾ ಆಕ್ಕೈತಿ, ಬ್ಯಾಸಿಗ್ಯಾಗ ಕಣ್ಣ ಮುಚ್ಚಿ ತಗಿಯೂದ್ರಾಗ ಮುಗದಿರತೈತಿ.”

ಮುರಿದು ನೋಡಲು ನನಗೆ ಬೇಕಾಗಿದ್ದದ್ದು ಅದೇ ಹಿಟ್ಟಿನ, ಬೆರಳುದ್ದದ, ಒಂದೇ ಅಳತೆಯ ಪಟ್ಟಿಗಳು. ವಿದ್ಯುತ್ತಿನ ನೀರಿನ ತೊಟ್ಟಿಯಲ್ಲಿ, ಎಪ್ಪತ್ತನಾಲ್ಕು ಡಿಗ್ರಿಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ನಿಧಾನವಾಗಿ ಬೇಯಬೇಕು ಅವು. ಡಬ್ಬಿಗಳನ್ನು ತೊಟ್ಟಿಗಿಳಿಸಿ ನಾನು ರೋಗಿಗಳನ್ನು ನೋಡಲು ಹೋಗುತ್ತಿದ್ದೆ. ಮಧ್ಯೆ ಕರೆಂಟ್ ಹೋದರೆ ಓಡಿ ಬರುತ್ತಿದ್ದೆ. “ನೀವು ಹೋಗ್ರಿ ತಂಗಿ, ನಾ ನೋಡ್ಕೋತೇನಿ,” ಎಂದು ಕಾಕಾ ಕಳಿಸಿಬಿಡುತ್ತಿದ್ದರು. ಪ್ರತಿ ಪಟ್ಟಿಯ ಅಂಚಿಗೆ ಸಂಖ್ಯೆ ಕೊರೆದು, ತಾರೀಖನ್ನೂ ಕರೆಂಟ್ ಹೋದದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಕೆಲಸ.

ಪಟ್ಟಿಗಳೇನೋ ಆದವು, ಮುರಿಯುವ ಯಂತ್ರ ಇರಲಿಲ್ಲ. ಹುಬ್ಬಳ್ಳಿಯ ಇಂಜಿನಿಯರಿಂಗ್ ಪ್ರಯೋಗಾಲಯವೊಂದರಲ್ಲಿ ಕೇಳಿದೆ. ಅಲ್ಲಿಯದು ಕಬ್ಬಿಣದ ಸರಳು ಮುರಿಯುವ ದೈತ್ಯ. ನನ್ನ ಪಟ್ಟಿ ಚಟ್ಟೆಂದು ಮುರಿದುಬಿತ್ತು, ಯಂತ್ರದ ಮುಳ್ಳು ಅಲುಗಲೂ ಇಲ್ಲ. ಕೊನೆಗೆ ತಾರಿಹಾಳದಲ್ಲಿ ಪ್ಲಾಸ್ಟಿಕ್ ಪೈಪು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಸರಿಯಾದ ಯಂತ್ರ ಸಿಕ್ಕಿತು. ಮಾಲೀಕರು ಮಾತು ಕಡಿಮೆಯ ಮನುಷ್ಯ. “ವಾರದ ಸೂಟಿ ದಿನ ಬರ್ರಿ. ಕೆಟ್ಟರ ಮಾತ್ರ ನೀವ ರಿಪೇರಿ ಮಾಡಸ್ಬೇಕು,” ಎಂದು ಬೀಗ ತೆಗೆದುಕೊಟ್ಟರು.

ಮೊದಲ ದಿನವೇ ನನಗೆ ದಿಕ್ಕು ತಪ್ಪಿತು. ಒಂದೇ ಪುಡಿ, ಒಂದೇ ಅಚ್ಚು, ಆದರೂ ಕೆಲವು ಪಟ್ಟಿಗಳು ಚೆನ್ನಾಗಿ ತಾಳಿಕೊಂಡವು, ಕೆಲವು ಮುಟ್ಟಿದರೆ ಸಾಕು ಎಂಬಂತೆ ಮುರಿದವು. ಮರುದಿನ ನೋಟ್‌ಬುಕ್ಕು ಮುಂದಿಟ್ಟುಕೊಂಡು ಕೂತೆ. ಸೋತ ಪಟ್ಟಿಗಳ ಸಂಖ್ಯೆ ಹುಡುಕಿದಲ್ಲೆಲ್ಲ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಕರೆಂಟ್ ಇಲ್ಲ’ ಎಂದಿತ್ತು.

“ಕಾಕಾ, ಕರೆಂಟ್ ಹೋದ ದಿನ ಡಬ್ಬಿ ಏನ ಮಾಡಿದ್ರಿ?”

“ಏನ ಮಾಡೂದು? ಸ್ಟೋವಿನ ಮ್ಯಾಲೆ ಕುದಿಯೋ ನೀರಾಗ ಇಟ್ಟೆ. ಲಗೂನ ಆಕ್ಕಾವು. ತೊಟ್ಟಿ ಬರೂಕಿಂತ ಮೊದಲ ಎಲ್ಲಾ ಹಂಗ ಮಾಡೇವಲ್ಲ.”

ನಾನು ಮುರಿದ ತುಂಡೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರನ್ನು ಕರೆದೆ. ಅವರು ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದರು.

“ದ್ವಾಸಿ ತೂತು ಇದ್ದಂಗ ಅದಾವಲ್ಲ ತಂಗಿ.”

“ಕುದಿಯೋ ನೀರಿಗೆ ಹಾಕಿದ್ರ ಒಳಗಿನ ದ್ರವಾನೂ ಕುದ್ದು ಗುಳ್ಳಿ ಏಳತಾವ ಕಾಕಾ. ಅಲ್ಲೇ ಸೀಳು ಬಿಡತೈತಿ.”

ಅವರು ಸ್ಟೂಲಿನ ಮೇಲೆ ಕೂತರು. “ಇಷ್ಟ ವರ್ಷದಾಗ ಇಂಥವು ಎಷ್ಟ ಮಂದಿ ಬಾಯಾಗ ಇಟ್ಟೇನಿ?”

ಎಲ್ಲ ಸೆಟ್ಟುಗಳೂ ಹಾಗೆ ಮುರಿಯುವುದಿಲ್ಲ, ಮುರಿಯಲು ಬೇರೆ ಕಾರಣಗಳೂ ಇವೆ, ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಾದವರು ಹೇಳಲಿಲ್ಲ ಎನ್ನಬಹುದಿತ್ತು. ತಪ್ಪು ಹಿಡಿದ ಖುಷಿ ನನ್ನ ಮುಖದ ಮೇಲೆ ಇನ್ನೂ ಇತ್ತೇನೋ ಎಂದು ಇವತ್ತಿಗೂ ಅನುಮಾನ. ಕಾಕಾ ಕೈ ತೊಳೆದು, ಚೀಲ ಹೆಗಲಿಗೇರಿಸಿ ಹೊರಟುಹೋದರು.

ಮೂರು ದಿನ ಬರಲಿಲ್ಲ. ಬೀಗ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ಲಾಸ್ಟರ್ ಕಲಸಿದರೆ ಗಂಟು ಗಂಟಾಯಿತು. ಶಿರಗುಪ್ಪಿಗೆ ಹೋಗಿ ಬರಲೇ ಎಂದು ಗೈಡನ್ನು ಕೇಳಿದೆ. “ಬರ್ತಾರ ಬಿಡವಾ. ಅವರಿಗೆ ಸುಮ್ಮನ ಕೂಡಾಕ ಬರೂದಿಲ್ಲ,” ಅಂದರು. ನನಗೆ ಆ ನಂಬಿಕೆ ಇರಲಿಲ್ಲ.

ನಾಲ್ಕನೆಯ ದಿನ ಕಾಕಾ ಬಂದರು. ಒಂದು ಕೈಯಲ್ಲಿ ನೀರು ಕಾಯಿಸುವ ದೊಡ್ಡ ಡಬರಿ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಒಳಗೆ ಕೌದಿ! ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು, ಕೆಂಪು ಅಂಚುಗಳು ಇನ್ನೂ ಹೊಳೆಯುತ್ತಿದ್ದವು.

“ಚಳಿಗಾಲದಾಗ ಮಸರು ಹೆಪ್ಪಾಗ್ಲಿ ಅಂತ ನಮ್ಮಾಕಿ ಗಡಗಿಗಿ ಕೌದಿ ಸುತ್ತಿ ಇಡತಾಳ,” ಅಂದರು, ಮೂರು ದಿನದ ಮಾತೇ ಎತ್ತದೆ. “ಕರೆಂಟ್ ಹೋಗೂದು ನಮ್ಮ ಕೈಯಾಗಿಲ್ಲ. ಕಾವು ಹೋಗದಂಗ ಹಿಡಿಯೂದರ ನಮ್ಮ ಕೈಯಾಗ ಐತಿಲ್ಲೋ? ನಿಮ್ಮ ಎಪ್ಪತ್ತನಾಲ್ಕಕ್ಕ ನೀರು ಕಾಯಿಸಿ, ಡಬ್ಬಿ ಇಳಿಸಿ, ಸುತ್ತಿಬಿಡೂಣು.”

“ಮನ್ಯಾಗ ಏನಂದ್ರು?”

“ಹಲ್ಲಿಗೂ ಚಳಿ ಆಕ್ಕೈತೇನು ಅಂದ್ಲು.”

ಮೊದಲ ಸಲ ಎರಡು ತಾಸಿಗೇ ನೀರು ಆರಿತು. ಕಾಕಾ ಹತ್ತಿ ಬಿಡಿಸುವ ಜಿನ್ನಿನಿಂದ ಉಳಿಕೆ ಹತ್ತಿ ತಂದು, ಒಂದು ಕಟ್ಟಿಗೆ ಪೆಟ್ಟಿಗೆಗೆ ತುಂಬಿ, ಅದರ ನಡುವೆ ಕೌದಿ ಸುತ್ತಿದ ಡಬರಿ ಕೂಡಿಸಿದರು. ನಾನು ಅರ್ಧ ತಾಸಿಗೊಮ್ಮೆ ಥರ್ಮಾಮೀಟರ್ ಇಳಿಸಿ ಬರೆದುಕೊಳ್ಳುವೆ. ಕಾವು ಸ್ವಲ್ಪ ಇಳಿದರೆ ಸ್ಟೋವಿನ ಮೇಲಿನ ಬಿಸಿನೀರನ್ನು ಅವರು ಚೊಂಬಿನಲ್ಲಿ ಸುರಿಯುವರು. ಬಾಣಂತಿ ಕೋಣೆಗೆ ಹೋಗಿ ಬರುವವರಂತೆ ಇಬ್ಬರೂ ಮೆಲ್ಲಗೆ ಓಡಾಡುತ್ತಿದ್ದೆವು. ಹಾದು ಹೋಗುವ ಸಹಪಾಠಿಗಳು, “ಮಲಗೇತೇನು ಕೂಸು?” ಎಂದು ಕಾಡಿಸುತ್ತಿದ್ದರು. ಹದಿನೈದು ದಿನಗಳಲ್ಲಿ ಕೌದಿಯ ಪಟ್ಟಿಗಳ ಒಂದು ಗುಂಪು ಸಿದ್ಧವಾಯಿತು. ಕುದಿಸಿದ ಪಟ್ಟಿಗಳನ್ನೂ ಎಸೆಯಬೇಡ, ಅದೂ ಒಂದು ಗುಂಪಾಗಲಿ ಅಂದರು ಗೈಡ್.

ತಾರಿಹಾಳಕ್ಕೆ ಆ ಸಲ ಕಾಕಾ ತಾವಾಗಿಯೇ ಬಂದರು. ಇಪ್ಪತ್ತು ವರ್ಷದಲ್ಲಿ ತಾವು ಮಾಡಿದ್ದು ಮುರಿಯುವುದನ್ನು ಅವರು ನಿಂತು ನೋಡಿದವರಲ್ಲ. ಮಾಲೀಕರೂ ಪಕ್ಕದಲ್ಲಿ ಬಂದು ನಿಂತರು. ಕೌದಿಯ ಮೊದಲ ಪಟ್ಟಿ ಇಟ್ಟೆ. ಮುಳ್ಳು ಏರತೊಡಗಿತು. ಕುದಿಸಿದವು ಮುರಿದ ಗುರುತು ದಾಟಿತು, ಇನ್ನೂ ಏರಿತು. ಪಟ್ಟಿ ಬಿಲ್ಲಿನಂತೆ ಬಾಗಿದಾಗ ಕಾಕಾ ಕಣ್ಣು ಮುಚ್ಚಿಕೊಂಡರು. ಚಟ್ಟೆಂದಿತು. ನಾನು ಅಂಕಿ ಓದಿದೆ. ಕರೆಂಟಿನ ತೊಟ್ಟಿಯಲ್ಲಿ ಬೆಂದ ಪಟ್ಟಿಗಳಿಗೆ ಸಮ.

“ಇನ್ನೊಂದ ಇಡ್ರಿ,” ಅಂದರು, ನಂಬಿಕೆ ಬಾರದೆ.

ಇನ್ನೊಂದು, ಮತ್ತೊಂದು. ಗುಂಪೆಲ್ಲ ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಮಾತು ಕಡಿಮೆಯ ಮಾಲೀಕರು, “ಛಲೋ ಮಾಲು,” ಅಂದರು. ಹೊರಗೆ ಬಂದು ರಸ್ತೆ ಬದಿಯ ಗಾಡಿಯಲ್ಲಿ ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ ತಿಂದೆವು. ಕಾಕಾ ನನ್ನ ಪ್ಲೇಟಿಗೆ ತಮ್ಮದೊಂದು ಮಿರ್ಚಿ ಹಾಕಿದರು. ಅದು ರಾಜಿಯೋ ಕ್ಷಮೆಯೋ, ನಾನು ತಿಂದುಬಿಟ್ಟೆ.

ಪ್ರಬಂಧದಲ್ಲಿ ಕೌದಿ ಎಂದು ಬರೆದರೆ ಪರೀಕ್ಷಕರು ನಗುತ್ತಾರೆ ಎಂದು ಗೈಡ್ ಹೇಳಿದ್ದರಿಂದ ‘ಶಾಖ ಕಾಯುವ ಹೊದಿಕೆ’ ಎಂಬರ್ಥದ ಇಂಗ್ಲಿಷ್ ಪದ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಆ ಪುಟಕ್ಕೇ ಬೆರಳಿಟ್ಟು, ಯಾವ ಹೊದಿಕೆ ಎಂದು ಕೇಳಿದರು. ನಾನು ಗೈಡಿನ ಮುಖ ನೋಡಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ತಂದು ತೋರಿಸು ಅಂದರು. ಅವತ್ತು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಕಾಕಾ ಕೌದಿಯನ್ನು ಮಡಿಚಿ ಎರಡೂ ಕೈಯಲ್ಲಿ ಹಿಡಿದು ತಂದರು. ಪರೀಕ್ಷಕರು ನಗಲಿಲ್ಲ. ಮುಟ್ಟಿ ನೋಡಿ, ಹತ್ತಿ ಎಷ್ಟು, ನೀರು ಎಷ್ಟು ಎಂದೆಲ್ಲ ಕಾಕಾನನ್ನೇ ಕೇಳಿ ಬರೆದುಕೊಂಡರು.

ಬೈಂಡು ಕಟ್ಟಿಸಿದ ಪ್ರಬಂಧದ ಒಂದು ಪ್ರತಿ ಕಾಕಾಗೆ ಕೊಟ್ಟು, ಕೃತಜ್ಞತೆಯ ಪುಟವನ್ನು ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, “ಕೌದಿ ಹೊಲಿದಾಕಿ ಹೆಸರ ಎಲ್ಲೈತಿ?” ಅಂದರು. ನನಗೆ ನಾಚಿಕೆಯಾಯಿತು. ಅಲ್ಲಿಯೇ ಪೆನ್ನು ತೆಗೆದು ಕೆಳಗೆ ಅವರ ಹೆಂಡತಿಯ ಹೆಸರನ್ನು ಕೇಳಿ ಕನ್ನಡದಲ್ಲಿ ಬರೆದೆ. ಕಾಕಾ ಶಾಯಿ ಆರುವ ತನಕ ಪುಟ ಮುಚ್ಚಲಿಲ್ಲ.

ಆಮೇಲೆ ನಾನು ಉಣಕಲ್ಲಿನಲ್ಲಿ ಕ್ಲಿನಿಕ್ ತೆರೆದೆ. ಕಾಕಾ ನಿವೃತ್ತರಾಗಿ ಕೆಲ ವರ್ಷಗಳಾದ ಮೇಲೆ ಒಂದು ಮುಂಜಾನೆ ಬಾಯಿಗೆ ಟವೆಲ್ ಹಿಡಿದು ಬಂದರು. ಹಲ್ಲುಗಳೆಲ್ಲ ಹೋಗಿದ್ದವು. ಅಳತೆ ತೆಗೆದುಕೊಳ್ಳುವಾಗ ನನ್ನ ಕೈಗಳನ್ನೇ ನೋಡುತ್ತಿದ್ದರು. ಸೆಟ್ಟು ಸಿದ್ಧವಾದ ದಿನ ಹಾಕಿ ಕನ್ನಡಿ ಕೊಟ್ಟೆ. ಕಾಕಾ ಕನ್ನಡಿ ನೋಡಿಕೊಳ್ಳಲಿಲ್ಲ. ನಾಲಿಗೆ ಆಡಿಸಿದರು, ತುಟಿ ಮುಚ್ಚಿ ತೆರೆದರು, ಏನೋ ಹೇಳಹೋಗಿ ತೊದಲಿದರು. ಆಮೇಲೆ ನಕ್ಕುಬಿಟ್ಟರು.

“ಬಾಯಾಗ ಯಾರೋ ಬೀಗರು ಬಂದು ಕುಂತಂಗ ಆಗೇತಿ ತಂಗಿ,” ಅಂದರು. “ಇಷ್ಟ ಮಂದಿಗೆ ಮಾಡೇನಿ, ಹಿಂಗಿರತೈತಿ ಅಂತ ಒಬ್ರೂ ಹೇಳಲೇ ಇಲ್ಲ ನೋಡು.”