ಆಟ ಬಂಗಾರಪೇಟೆಗೆ ಹೋದದ್ದು

ಚಿನ್ನದ ಗಣಿಯ ಊರಾದ ಊರಿಗಾಮಿನ ಮೈದಾನಕ್ಕೆ ನೀರು ಹಾಯಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವ ಕೆಲಸ ಕುಪ್ಪುಸ್ವಾಮಿಯದು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಹುಲ್ಲಿನ ಮೇಲೆ ಚಪ್ಪಲಿ ಮೆಟ್ಟಿ ನಡೆದವನಲ್ಲ. ೧೯೫೮ರಲ್ಲಿ ರಾಜ್ಯದ ಫುಟ್‌ಬಾಲ್ ಪಂದ್ಯಾವಳಿಗೆ ಊರು ಹುಡುಕುತ್ತಿದ್ದಾರೆಂದು ಕೇಳಿದಾಗಿನಿಂದ ಅವನಿಗೆ ಒಂದೇ ಆಸೆ. ದೊಡ್ಡ ಆಟ ಒಮ್ಮೆಯಾದರೂ ತನ್ನ ಹುಲ್ಲಿನ ಮೇಲೆ ನಡೆಯಬೇಕು.

ಪೈಪೋಟಿಗಿದ್ದದ್ದು ಬಂಗಾರಪೇಟೆ. ಅಲ್ಲಿ ಎಲ್ಲ ಕಡೆಯ ರೈಲೂ ನಿಲ್ಲುತ್ತಿತ್ತು, ತಂಗಲು ಛತ್ರವಿತ್ತು. ಮೈದಾನ ಮಾತ್ರ ಬರೀ ಕಲ್ಲು. ಊರಿಗಾಮಿನಲ್ಲಿ ಹುಲ್ಲಿತ್ತು, ಕರೆಂಟಿತ್ತು, ಹತ್ತಿರದಲ್ಲೇ ಆಸ್ಪತ್ರೆಯಿತ್ತು. ತಂಗುವ ಜಾಗವೊಂದೇ ಕೊರತೆ. ಅದಕ್ಕೂ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮ ಗಣಿ ಕೆಲಸಗಾರರ ಮನೆಮನೆ ತಿರುಗಿ, ಮನೆಗಿಬ್ಬರಂತೆ ಆಟಗಾರರನ್ನು ಇಟ್ಟುಕೊಳ್ಳಲು ನಲವತ್ತು ಮನೆಯವರನ್ನು ಒಪ್ಪಿಸಿದ್ದಳು.

ಬೆಂಗಳೂರಿನಿಂದ ಸಮಿತಿಯ ಮೂವರು ಬಂದರು. ಹುಲ್ಲನ್ನು ಕೈಯಿಂದ ಸವರಿದರು. ಒಬ್ಬರಂತೂ ಬೂಟು ಬಿಚ್ಚಿಯೇ ನಡೆದರು. ಟೀ ಕುಡಿಯುತ್ತಿರುವಾಗ ಕಾಲಡಿ ಗುಡುಗಿದಂತಾಗಿ ನೆಲ ಅದುರಿತು. ಗಣಿಯ ಆಳದಲ್ಲೆಲ್ಲೋ ಬಂಡೆ ಸಿಡಿದಿತ್ತು. ಬಂದವರ ಟೀ ಅಂಗಿಯ ಮೇಲೆ ಚೆಲ್ಲಿತು. ಕುಪ್ಪುಸ್ವಾಮಿ ಎಂದಿನಂತೆ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೆಳಗಿರುವವರನ್ನು ಕಾಯಮ್ಮಾ ಎಂದು ಬೇಡಿಕೊಂಡ. ದೇವರ ದಯೆ, ಅಂದು ಯಾರಿಗೂ ಪೆಟ್ಟಾಗಿರಲಿಲ್ಲ. ಆಮೇಲೆ ಅತಿಥಿಗಳಿಗೆ ಧೈರ್ಯ ಹೇಳಿದ.

"ಇದು ಚಿಕ್ಕದು ಸಾರ್. ದೊಡ್ಡದು ಬಂದ್ರೆ ಅಟ್ಟದ ಪಾತ್ರೆಯೆಲ್ಲ ಕೆಳಗ್ ಬೀಳ್ತವೆ. ಅದೂ ಯಾವಾಗಲೋ ಒಂದ್ಸಲ."

ಪಂದ್ಯಾವಳಿ ಬಂಗಾರಪೇಟೆಗೆ ಹೋಯಿತು.

"ಆ ಟೀನ ನಿಮ್ ಬಾಯಿಗೇ ಉಯ್ಕೊಂಡು ಸುಮ್ನಿರಬಾರ್ದಿತ್ತಾ?" ಎಂದಳು ಮಾರಿಯಮ್ಮ.

ಎರಡು ದಿನ ಅವನು ಮೈದಾನದ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹಳೆಯ ಗೆಳೆಯ, ಬಂಗಾರಪೇಟೆಯ ಬೆಲ್ಲದ ವ್ಯಾಪಾರಿ ವೆಂಕಟೇಶಪ್ಪ ಬಾಗಿಲಿಗೆ ಬಂದ.

"ಲೇ ಕುಪ್ಪು, ಆಟ ಬಂತು, ನೆಲ ಇಲ್ಲ ಕಣ್ಲಾ. ನಡಿ ಓಗಾನ, ನಿನ್ ಕೈ ಬೇಕು."

"ನನ್ ಹುಲ್ಲು ಬ್ಯಾಡಾಂದೋರ್ಗೆ ನನ್ ಕೈ ಯಾಕೆ?"

"ಬ್ಯಾಡಾಂದೋರು ಆಡಲ್ಲ ಕಣ್ಲಾ. ಆಡೋ ಉಡುಗ್ರು ಮೊಣಕಾಲು ಒಡ್ಕೊಂಡ್ರೆ ನಿಂಗೆ ನಿದ್ದೆ ಬತ್ತದಾ?"

ಎರಡು ತಿಂಗಳು ಅವನು ತನ್ನ ಮೈದಾನದ ಕೆಲಸ ಮುಗಿಸಿ ಮಧ್ಯಾಹ್ನದ ರೈಲು ಹತ್ತಿದ. ಕಲ್ಲು ಆರಿಸಿದ, ಕೆರೆಮಣ್ಣು ಹರಡಿಸಿದ, ಊರಿಗಾಮಿನ ಹುಲ್ಲನ್ನೇ ಗೋಣಿಯಲ್ಲಿ ತಂದು ನೆಟ್ಟ.

ಮೊದಲ ಪಂದ್ಯದ ಬೆಳಿಗ್ಗೆ ಗೆರೆ ಹಾಕುತ್ತಿರುವಾಗ ನೆಲ ತುಸು ಅದುರಿತು. ಕುಪ್ಪುಸ್ವಾಮಿ ಸುಣ್ಣದ ಡಬ್ಬ ಕೆಳಗಿಟ್ಟು, ಬಗ್ಗಿ ನೆಲ ಮುಟ್ಟಿದ.

"ಅದು ಗೂಡ್ಸ್ ಬಂಡಿ ಕಣ್ಲಾ," ಎಂದು ವೆಂಕಟೇಶಪ್ಪ ನಕ್ಕ.

"ಇರ್ಲಿ. ಇವತ್ತು ಮೇಲಿರೋರ್ನ ಕಾಯ್ಲಿ." ಕುಪ್ಪುಸ್ವಾಮಿ ಕೈಯನ್ನು ಕಣ್ಣಿಗೊತ್ತಿಕೊಂಡು ಗೆಳೆಯನ ಕಾಲು ನೋಡಿದ. "ಹುಲ್ಲಿನ ಮೇಲೆ ನಿಂತಿದ್ದೀಯ. ಚಪ್ಪಲಿ ಬಿಚ್ಚು."