ಅವನ ಕೈಯಲ್ಲಿ ನನ್ನ ಓಟ

ಕುಂದಲಹಳ್ಳಿಯಲ್ಲಿ ನಮಗೆ ಹೊಲವಿದ್ದ ಕಾಲಕ್ಕೆ ಬಿಸಿಲು ನೆತ್ತಿಗೇರುವ ಮೊದಲೇ ನೇಗಿಲು ಬಿಚ್ಚುತ್ತಿದ್ದರು. "ಎತ್ತು ಬಾಯ್ಬಿಟ್ಟು ಹೇಳಾಕಿಲ್ಲ, ನೀನೇ ನೋಡ್ಕಬೇಕು" ಎನ್ನುತ್ತಿದ್ದಳು ಅಜ್ಜಿ. ಅಂಥ ಮನೆಯಲ್ಲಿ ಹುಟ್ಟಿದ ನಾನು ಏಪ್ರಿಲ್‌ನ ಒಂದು ಭಾನುವಾರ ಹತ್ತು ಗಂಟೆಯ ಬಿಸಿಲಲ್ಲಿ ಓಡುತ್ತಿದ್ದೆ.

ಆಫೀಸಿನ ಓಟದ ಸ್ಪರ್ಧೆಗೆ ಅದೇ ಕೊನೆಯ ದಿನ. ಇಬ್ಬಿಬ್ಬರದು ಒಂದು ಜೋಡಿ. ಇಬ್ಬರ ವಾಚೂ ಹತ್ತು ಕಿಲೋಮೀಟರ್ ತೋರಿಸಬೇಕು. ನನ್ನ ಜೋಡಿ ಯಾರೆಂದರೆ, ವರ್ಷಗಟ್ಟಲೆ ನನ್ನ ಡಬ್ಬಿಯ ಬಸ್ಸಾರು ಹಂಚಿಕೊಂಡು ಉಂಡ ಗೆಳೆಯ. ಆರಕ್ಕೇ ಹೊರಡೋಣ ಎಂದಿದ್ದೆ. ಅವನು ಎದ್ದು ಬರುವಷ್ಟರಲ್ಲಿ ಒಂಬತ್ತು ದಾಟಿತ್ತು.

ಹೂಡಿಯ ಕಡೆ ತಿರುಗುವ ಹೊತ್ತಿಗೆ ತಲೆ ಗಿಮ್ಮೆಂದಿತು. ಆ ಉರಿಬಿಸಿಲಲ್ಲೂ ಮೈ ಚಳಿಗೆ ನಡುಗಿತು. ಒಂದು ಟೆಕ್ ಪಾರ್ಕಿನ ಹಿಂದಿನ ಗೇಟಿನ ಬಳಿ ಕುಸಿದು ಕೂತೆ.

"ಆಗಲ್ಲ ಕಣೋ. ಕಣ್ಣು ಕತ್ತಲೆ ಬರ್ತಿದೆ."

"ಇನ್ನು ನಾಲ್ಕೇ ಕಿಲೋಮೀಟರ್ ಗುರು! ಸರಿ, ನೀನು ಕೂತಿರು. ವಾಚ್ ಕೊಡು, ನಿಂದೂ ನಾನೇ ಓಡ್ಬಿಡ್ತೀನಿ."

ನಾನೇ ಕೈ ಚಾಚಿದೆ. ಅವನು ಪಟ್ಟಿ ಬಿಚ್ಚಿ ತನ್ನ ಇನ್ನೊಂದು ಕೈಗೆ ಕಟ್ಟಿಕೊಂಡು ಹೊರಟ. ನನಗೋಸ್ಕರ ಓಡುತ್ತಿದ್ದಾನಲ್ಲ ಎಂದು ಕಣ್ಣು ತುಂಬಿ ಬಂತು, ನೋಡಿ ನನ್ನ ದಡ್ಡತನ! ಆಮೇಲೆ ಕೂರುವುದಕ್ಕೂ ಆಗದೆ ನೆಲಕ್ಕೊರಗಿದೆ.

ಗೇಟಿನ ಕಾವಲಿನ ಹೆಂಗಸು ಓಡಿಬಂದಳು. "ಅಯ್ಯೋ ಅಣ್ಣ, ಮೈ ಕೆಂಡ ಆಗೈತೆ, ಬೆವರೇ ಇಲ್ವಲ್ಲ!" ನೆರಳಿಗೆ ಎಳೆದು, ಶೂ ಕಿತ್ತೆಸೆದು, ಕ್ಯಾನಿನ ನೀರನ್ನು ಮೈಮೇಲೆ ಸುರಿದಳು. ಕತ್ತಿಗೆ, ಕಂಕುಳಿಗೆ ಒದ್ದೆಬಟ್ಟೆ ಒತ್ತಿ ಹಿಡಿದು ತನ್ನ ಕೋಣೆಯ ಫ್ಯಾನನ್ನು ನನ್ನತ್ತ ತಿರುಗಿಸಿದಳು. ನನ್ನ ಫೋನು ಮನೆಯಲ್ಲಿತ್ತು. ತೊದಲುತ್ತ ಹೆಂಡತಿಯ ನಂಬರು ಹೇಳಿದೆ. ನಾನು ಓಡುವಾಗಲೆಲ್ಲ ನನ್ನ ವಾಚು ಎಲ್ಲಿದೆಯೆಂದು ಅವಳು ತನ್ನ ಫೋನಿನಲ್ಲಿ ನೋಡುತ್ತಿರುತ್ತಾಳೆ.

"ಮೇಡಂ, ನಿಮ್ಮ ಯಜಮಾನ್ರು ಇಲ್ಲಿ ಬಿದ್ದವ್ರೆ."

"ಯಾರ್ರೀ ನೀವು? ಅವ್ರು ಓಡ್ತಿದಾರೆ, ಇಲ್ಲಿ ಕಾಣಿಸ್ತಿದೆ. ಬೆಳಿಗ್ಗೆ ಬೆಳಿಗ್ಗೆ ಈ ಫ್ರಾಡ್ ಕಾಲ್ ಬೇರೆ!" ಫೋನು ಕಟ್ಟಾಯಿತು.

ಆ ಪುಣ್ಯಾತ್ಗಿತ್ತಿ ಬೈದುಕೊಳ್ಳುತ್ತಲೇ ಆಟೋ ನಿಲ್ಲಿಸಿ, ನನ್ನನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದಳು. "ಇನ್ನರ್ಧ ಗಂಟೆ ಬಿಸಿಲಲ್ಲೇ ಇದ್ದಿದ್ರೆ ಉಳಿಸೋದು ಕಷ್ಟ ಇತ್ತು" ಎಂದರು ಡಾಕ್ಟರು. ನರ್ಸಮ್ಮನೇ ಫೋನು ಮಾಡಿದ ಮೇಲೆ ಹೆಂಡತಿ ಅಳುತ್ತ ಬಂದಳು.

ಸುದ್ದಿ ತಿಳಿದು ಅವನೂ ಬಂದ, ಎರಡೂ ಕೈಗೆ ವಾಚು ಕಟ್ಟಿಕೊಂಡೇ. "ಗೆದ್ವಿ ಮಗಾ!"

"ಒಂದ್ಸಲನಾದ್ರೂ ತಿರುಗಿ ನೋಡಿದ್ಯೇನೋ?"

"ಹೂಂ, ನೋಡ್ದೆ ಕಣೋ. ನೀನು ಮಲಗಿದ್ದೆ. ರೆಸ್ಟ್ ತಗೋತಿದೀಯ ಅನ್ಕೊಂಡೆ."

ತಿರುಗಿ ನೋಡದೆ ಹೋಗಿದ್ದರೆ ತಿಳಿಯದೆ ಮಾಡಿದ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅವನು ಬಿದ್ದವನನ್ನು ನೋಡಿ, ಮುಂದಕ್ಕೆ ಓಡಿದ್ದ.

ಹೆಂಡತಿ ಅವನ ಕೈ ಹಿಡಿದು ನನ್ನ ವಾಚು ಬಿಚ್ಚತೊಡಗಿದಳು.

"ಒಂದ್ನಿಮಿಷ ಅಕ್ಕ," ಎಂದ ಅವನು, "ಇನ್ನೂ ಅಪ್‌ಲೋಡ್ ಆಗ್ತಿದೆ."